ಅವಳು ಚಾಲೂ ಮಾಡಿಟ್ಟುಹೋದ ಮಿಷಿನ್

ಯಾರ ಕಂಪ್ಯೂಟರಿಗೆ ಏನೇ ಆಗಲಿ, ಫೋನಿನಲ್ಲಿ ನಾನು ಮೊದಲು ಹೇಳುವ ಮಾತು ಒಂದೇ. ‘ಒಮ್ಮೆ ಬಂದ್ ಮಾಡಿ ಚಾಲೂ ಮಾಡ್ರಿ.’ ಬಹಳಷ್ಟು ತೊಂದರೆಗಳು ಅಷ್ಟರಲ್ಲೇ ಹೋಗುತ್ತವೆ. ಪ್ರಿಂಟರ್ ಬಾಯಿ ಬಿಡುತ್ತದೆ, ಸಿಕ್ಕಿಕೊಂಡ ಬಿಲ್ಲು ಹೊರಗೆ ಬರುತ್ತದೆ, ನಿಧಾನವಾಗಿದ್ದದ್ದು ಸರಿಯಾಗುತ್ತದೆ. ಆ ಮಾತನ್ನು ನಾನು ಒಂದೇ ಒಂದು ಮಿಷಿನ್ನಿಗೆ ಬಹಳ ದಿನ ಹಚ್ಚಲಿಲ್ಲ. ಅದು ನನ್ನ ಅಂಗಡಿಯದೇ. ನನ್ನ ಹೆಂಡತಿಯದು.

ನಮ್ಮ ಅಂಗಡಿ ಹಗರಿಬೊಮ್ಮನಹಳ್ಳಿಯಲ್ಲಿ, ಬಸ್ ಸ್ಟ್ಯಾಂಡಿನಿಂದ ಸ್ವಲ್ಪ ಮುಂದೆ. ಮುಂದಿನ ಭಾಗದಲ್ಲಿ ಒಂದು ಮೇಜು, ಹಿಂದೆ ರಿಪೇರಿಯ ಬೆಂಚು, ನಡುವೆ ಅರ್ಧ ಎತ್ತರದ ಪ್ಲೈವುಡ್ ಗೋಡೆ. ಮೇಜು ಅವಳದು, ಬೆಂಚು ನನ್ನದು. ಮನೆ ಕಂಪ್ಯೂಟರು, ಆಟದ ಕಂಪ್ಯೂಟರು ನಾವು ಮುಟ್ಟುವುದು ಕಡಿಮೆ. ಗೊಬ್ಬರದ ಅಂಗಡಿ, ಮೆಕ್ಕೆಜೋಳದ ದಲಾಲಿ, ಎಣ್ಣೆ ಮಿಲ್ಲು, ಸಹಕಾರಿ ಸಂಘ, ಖಾಸಗಿ ಕಾಲೇಜಿನ ಆಫೀಸು, ಇವೇ ನಮ್ಮ ಗಿರಾಕಿಗಳು. ಕೂಡ್ಲಿಗಿಯಿಂದ ಹರಪನಹಳ್ಳಿಯವರೆಗೆ, ಆಚೆ ಹಡಗಲಿಯ ತನಕ ಎಲ್ಲೆಲ್ಲಿಂದಲೋ ಫೋನು ಬರುತ್ತದೆ. ವಿಂಡೋಸ್ ಹಾಕುವುದು, ಹಳೆಯದನ್ನು ಹೊಸದಕ್ಕೆ ಏರಿಸುವುದು, ಏರಿಸಿದ ಮೇಲೆ ಕೆಲಸ ಮಾಡದ ಹಳೇ ಪ್ರಿಂಟರನ್ನು ಮತ್ತೆ ಒಪ್ಪಿಸುವುದು ನನ್ನ ಪಾಲು. ಫೋನು ಎತ್ತುವುದು, ಏನಾಗಿದೆ ಎಂದು ಕೇಳಿ ತಿಳಿಯುವುದು, ಹೋಗಬೇಕೋ ಇಲ್ಲಿಂದಲೇ ಆಗುತ್ತದೋ ಎಂದು ತೀರ್ಮಾನಿಸುವುದು ಅವಳ ಪಾಲು. ಇಲ್ಲಿಂದಲೇ ಆಗುವಂತಿದ್ದರೆ ಗಿರಾಕಿಯ ಪರದೆಯನ್ನು ತನ್ನ ಮಿಷಿನ್ನಿನಲ್ಲಿ ತೆರೆದು ಅವಳೇ ಸರಿಮಾಡುತ್ತಿದ್ದಳು.

ಅವಳು ಓದಿದ್ದು ಪಿಯುಸಿ. ನಾನೂ ಅಷ್ಟೇ, ಮೇಲೊಂದು ಕಂಪ್ಯೂಟರ್ ಕೋರ್ಸು. ಆದರೆ ಗಿರಾಕಿಯ ಮಾತಿನಿಂದ ತೊಂದರೆಯನ್ನು ಹೆಕ್ಕುವುದು ನನಗೆ ಅವಳಷ್ಟು ಬರಲಿಲ್ಲ. ನಮ್ಮ ಕಡೆ ಎಲ್ಲರೂ ಎಲ್ಲದಕ್ಕೂ ‘ಮಿಷಿನ್ ಸತ್ತೈತಿ, ಫಾರ್ಮಾಟ್ ಹೊಡೀರಿ’ ಎನ್ನುತ್ತಾರೆ. ಅವಳು ಅದನ್ನು ಕಿವಿಗೆ ಹಾಕಿಕೊಳ್ಳುತ್ತಲೇ ಇರಲಿಲ್ಲ.

ಒಮ್ಮೆ ಕೊಟ್ಟೂರಿನ ಒಬ್ಬ ಬೀಜದ ವ್ಯಾಪಾರಿ ಫೋನು ಮಾಡಿದ್ದ. ಮಿಷಿನ್ ಚಾಲೂ ಆಗಿ ಸ್ವಲ್ಪ ಹೊತ್ತಿಗೆ ತಾನೇ ಬಂದ್ ಆಗುತ್ತದೆ, ಮತ್ತೆ ಚಾಲೂ ಮಾಡಿದರೂ ಅಷ್ಟೇ. ನಾನು ಬೆಂಚಿನಿಂದಲೇ ವಿಂಡೋಸ್ ಕೆಟ್ಟಿದೆ ಎಂದುಕೊಂಡೆ. ಅವಳು ಕೇಳಿದಳು:

‘ನಿನ್ನಿ ಅಮಾಸಿ ಅಲ್ರಿ?’

‘ಹೌದ್ರಿ ಅಕ್ಕಾರ.’

‘ಪೂಜಿ ಮಾಡೀರಿ?’

‘ಮಾಡದಂಗ ಇರ್ತೀವೇನ್ರಿ?’

‘ಊದಿನಕಡ್ಡಿ ಎಲ್ಲಿ ಚುಚ್ಚೀರಿ?’

ವ್ಯಾಪಾರಿ ಸಣ್ಣ ದನಿಯಲ್ಲಿ, ‘ಡಬ್ಬಿ ಹಿಂದ ತೂತು ತೂತು ಅದಾವಲ್ರಿ, ಅದರಾಗ’ ಎಂದ.

ತೂತು ಇದ್ದದ್ದು ಗಾಳಿ ಆಡುವುದಕ್ಕೆ. ಪ್ರತಿ ಅಮಾವಾಸ್ಯೆ ಅದರಲ್ಲಿ ಊದಿನಕಡ್ಡಿ ಸಿಕ್ಕಿಸಿ ಸಿಕ್ಕಿಸಿ ಬೂದಿಯೆಲ್ಲ ಒಳಗಿನ ಫ್ಯಾನಿಗೆ ಮೆತ್ತಿಕೊಂಡಿತ್ತು. ಫ್ಯಾನು ತಿರುಗದೆ ಮಿಷಿನ್ ಕಾದು ಬಿಸಿಯಾಗಿ ಬಂದ್ ಆಗುತ್ತಿತ್ತು. ನಾನು ಹೋಗಿ ಬ್ಲೋವರ್ ಹಿಡಿದಾಗ ಆ ಡಬ್ಬಿಯಿಂದ ಬಂದ ವಾಸನೆ ಗುಡಿಯ ಒಳಗಿನಂತಿತ್ತು. ಅಂದಿನಿಂದ ಪ್ರತಿ ಅಮಾವಾಸ್ಯೆಯ ಹಿಂದಿನ ದಿನ ಅವಳು ಗಿರಾಕಿಗಳಿಗೆಲ್ಲ ವಾಟ್ಸಾಪಿನಲ್ಲಿ ಒಂದು ಸಾಲು ಕಳಿಸುತ್ತಿದ್ದಳು: ಊದಿನಕಡ್ಡಿ ಬಾಳೆಹಣ್ಣಿಗೆ ಚುಚ್ಚಿರಿ, ಕಂಪ್ಯೂಟರಿಗೆ ಬೇಡ.

ಹರಪನಹಳ್ಳಿಯ ವಯಸ್ಸಾದ ಒಬ್ಬ ದಲಾಲಿಯದು ಬೇರೆ ಕಥೆ. ಶುಕ್ರವಾರ ಸಂಜೆ ಅವರು ಕಂಪ್ಯೂಟರ್ ಬಂದ್ ಮಾಡಲು ಒಪ್ಪುತ್ತಿರಲಿಲ್ಲ. ಲಕ್ಷ್ಮಿ ಬರುವ ಹೊತ್ತು, ಅಂಗಡಿಯ ಬೆಳಕು ಆರಬಾರದು. ಅಪ್‌ಡೇಟ್ ಬಂದು ಕೂತಿದೆ, ಒಮ್ಮೆ ಬಂದ್ ಆಗಿ ಎದ್ದರೇ ಮುಗಿಯುವುದು ಎಂದರೆ, ‘ಶುಕ್ರವಾರ ದೀಪ ಹಚ್ಚೋ ಹೊತ್ತಿಗೆ ಬಂದ್ ಮಾಡು ಅಂತೀಯಲ್ಲಮ್ಮಾ, ನೀನು ಲಿಂಗ ಕಟ್ಟಿದಾಕಿನಾ?’ ಎಂದು ಬೈದರು.

‘ಬಂದ್ ಮಾಡಬ್ಯಾಡ್ರಿ ಅಜ್ಜಾರ. ರೀಸ್ಟಾರ್ಟ್ ಅಂತ ಐತಿ ನೋಡ್ರಿ, ಅದನ್ನ ಒತ್ರಿ.’

‘ಬೆಳಕು ಹೋಗ್ತದೋ ಇಲ್ವೋ?’

‘ಹೋಗ್ತೈತ್ರಿ. ಆದ್ರ ನೀವು ಅಷ್ಟೊತ್ತು ಕಣ್ಣು ಮುಚ್ಚಿಕೊಂಡು ಕುಂದರ್ರಿ. ನಿಮಗ ಕಾಣಂಗಿಲ್ಲ, ಲಕ್ಷ್ಮಿಗೆ ನಾ ಹೇಳ್ತೀನಿ.’

ಅಜ್ಜ ನಕ್ಕರು. ಒತ್ತಿದರು ಕೂಡ.

ಫೋನಿನಲ್ಲಿ ಮಾತಾಡುವಾಗ ಅವಳ ಬಲಗೈ ಸುಮ್ಮನಿರುತ್ತಿರಲಿಲ್ಲ. ಪರದೆಯ ಒಂದು ಮೂಲೆಯಲ್ಲಿ ಇಸ್ಪೀಟಿನ ಆಟ ತೆರೆದೇ ಇರುತ್ತಿತ್ತು. ಒಬ್ಬರೇ ಆಡುವುದು, ಕೆಂಪಿನ ಮೇಲೆ ಕಪ್ಪು, ಕಪ್ಪಿನ ಮೇಲೆ ಕೆಂಪು ಇಳಿಸುತ್ತ ಹೋಗುವುದು. ಹೊಸ ವಿಂಡೋಸಿನಲ್ಲಿ ಬರುವ ಆಟದಲ್ಲಿ ಜಾಹೀರಾತು ಬರುತ್ತದೆ, ಎಲೆಗಳು ಮಿಂಚುತ್ತವೆ, ಅವಳಿಗೆ ಅದು ಆಗಲಿಲ್ಲ. ನಾನು ಗುಜರಿಗೆ ಬಂದ ಒಂದು ಹಳೇ ಮಿಷಿನ್ನಿನಿಂದ ಹಸಿರು ಹಾಸಿನ ಹಳೇ ಆಟವನ್ನು ತೆಗೆದು ಅವಳದಕ್ಕೆ ಹಾಕಿಕೊಟ್ಟಿದ್ದೆ. ನಾನು ಕೊಡಿಸಿದ ಎಲ್ಲಕ್ಕಿಂತ ಅದು ಅವಳಿಗೆ ಹೆಚ್ಚು ಹಿಡಿಸಿತ್ತು ಎಂದು ಕಾಣುತ್ತದೆ. ಪ್ಲೈವುಡ್ಡಿನ ಈ ಕಡೆ ಸ್ಕ್ರೂ ಬಿಚ್ಚುತ್ತ ಕೂತರೆ ಆ ಕಡೆಯಿಂದ ಮೌಸಿನ ಟಕ್ ಟಕ್ ಕೇಳುತ್ತಿತ್ತು. ಆಟ ಸಿಕ್ಕಿಕೊಂಡರೆ, ‘ಹೋಗ್ಲಿ ತಗಿ’ ಎಂದು ತನಗೆ ತಾನೇ ಹೇಳಿಕೊಂಡು ಹೊಸದಾಗಿ ಹಂಚುತ್ತಿದ್ದಳು.

ಒಂದು ದಿನ ಮಧ್ಯಾಹ್ನ ತಲೆ ಒಂದು ಕಡೆ ಬಹಳ ನೋಯುತ್ತಿದೆ ಎಂದಳು. ಮನೆಗೆ ಹೋಗಿ ಮಲಗು ಎಂದೆ. ಎದ್ದಳು. ನಾನು ಅವಳ ಮಿಷಿನ್ ಬಂದ್ ಮಾಡಲು ಹೋದೆ.

‘ಇರ್ಲಿ ಬಿಡ್ರಿ, ಹಂಗ ಇರ್ಲಿ. ಆಟ ಚಲೋ ಬಿದ್ದೈತಿ. ನಾಳಿ ಬಂದು ನೋಡ್ತೀನಿ.’

ಮನೆಯಲ್ಲಿ ಬಾಗಿಲ ಹತ್ತಿರವೇ ಬಿದ್ದಳು. ದಾವಣಗೆರೆಗೆ ಒಯ್ದೆವು. ಮೆದುಳಿನಲ್ಲಿ ರಕ್ತನಾಳ ಒಡೆದಿದೆ ಎಂದರು. ಎಚ್ಚರವಾಗಲೇ ಇಲ್ಲ. ಅದರ ಬಗ್ಗೆ ಇದಕ್ಕಿಂತ ಹೆಚ್ಚು ಬರೆಯಲು ನನಗೆ ಬರುವುದಿಲ್ಲ.

ಕಾರ್ಯಗಳೆಲ್ಲ ಮುಗಿದು ಅಂಗಡಿಯ ಶಟರ್ ಎತ್ತಿದ ದಿನ, ಅವಳ ಮಿಷಿನ್ನಿನ ಫ್ಯಾನಿನ ಸದ್ದು ಕೇಳಿತು. ನಮ್ಮದು ಕಂಪ್ಯೂಟರ್ ಅಂಗಡಿಯಾದ್ದರಿಂದ ದೊಡ್ಡ ಬ್ಯಾಟರಿಗಳಿವೆ, ಕರೆಂಟು ಹೋಗಿ ಬಂದರೂ ತಡೆಯುತ್ತವೆ. ಪರದೆ ಕಪ್ಪಾಗಿತ್ತು. ಮೌಸನ್ನು ಸ್ವಲ್ಪ ಅಲುಗಾಡಿಸಿದೆ. ಹಸಿರು ಹಾಸು, ಅದರ ಮೇಲೆ ಅರ್ಧ ಆಡಿದ ಆಟ. ಬಲಗಡೆಯ ಸಾಲಿನ ಕೊನೆಗೆ ಕೆಂಪು ಆಟೀನಿನ ಹತ್ತು, ಮಧ್ಯದ ಸಾಲಿನಲ್ಲಿ ಕಪ್ಪು ಕಳಾವರ್ ಒಂಬತ್ತು. ಒಂಬತ್ತನ್ನು ಎತ್ತಿ ಹತ್ತರ ಮೇಲೆ ಇಡಬಹುದಿತ್ತು. ಅವಳು ಅದನ್ನು ನೋಡಿದ್ದಳೋ ಇಲ್ಲವೋ.

ಆ ಹಳೇ ಆಟ ಏನನ್ನೂ ನೆನಪಿಟ್ಟುಕೊಳ್ಳುವುದಿಲ್ಲ. ಮಿಷಿನ್ ಒಮ್ಮೆ ಬಂದ್ ಆದರೆ ಆಟ ಹೋಯಿತು. ಬೇಕಾದರೆ ಮೊಬೈಲಿನಲ್ಲಿ ಫೋಟೊ ಹೊಡೆದುಕೊಳ್ಳಬಹುದಿತ್ತು. ಹೊಡೆದೆ ಕೂಡ. ಫೋಟೊ ಫೋಟೊ ಅಷ್ಟೇ ಆಗಿತ್ತು. ಅವಳ ಬೆರಳು ಒತ್ತಿ ಚಾಲೂ ಆದದ್ದು ಇನ್ನೂ ನಡೆಯುತ್ತಿದೆ, ಅವಳು ನಾಳೆ ಬಂದು ನೋಡುತ್ತೇನೆ ಎಂದದ್ದು ಇನ್ನೂ ಹಾಗೇ ಇದೆ. ನಾನು ಆ ಮಿಷಿನ್ ಬಂದ್ ಮಾಡಲಿಲ್ಲ.

ಮೊದಮೊದಲು ಏನೂ ಆಗಲಿಲ್ಲ. ಕುರ್ಚಿಯನ್ನು ಸ್ವಲ್ಪ ಪಕ್ಕಕ್ಕೆ ಸರಿಸಿ, ನಿಂತುಕೊಂಡೇ ಗಿರಾಕಿಗಳ ಪರದೆ ತೆರೆದು ಕೆಲಸ ಮಾಡುತ್ತಿದ್ದೆ. ಇಸ್ಪೀಟಿನ ಕಿಟಕಿಯನ್ನು ಮುಚ್ಚದೆ ಕೆಳಗಿಳಿಸಿ ಇಡುತ್ತಿದ್ದೆ. ಅಪ್‌ಡೇಟ್ ಬಂದಿದೆ ಎಂದು ಮೂಲೆಯಲ್ಲಿ ತೋರಿಸಿತು. ಮುಂದೂಡಿದೆ. ಮತ್ತೆ ತೋರಿಸಿತು. ಮತ್ತೆ ಮುಂದೂಡಿದೆ. ಗಿರಾಕಿಗಳು ಹೀಗೆ ಮಾಡಿದರೆ ನಾನು ಬೈಯುತ್ತೇನೆ. ಕಳ್ಳ ಸಾಫ್ಟ್‌ವೇರ್ ನುಗ್ಗುವುದೇ ಇಂಥ ಮಿಷಿನ್ನುಗಳಿಗೆ, ನಿಮ್ಮ ಬ್ಯಾಂಕಿನ ಕೆಲಸವೆಲ್ಲ ಇದರಲ್ಲೇ ಇದೆ ಎನ್ನುತ್ತೇನೆ. ಆ ಮಿಷಿನ್ನಿನಿಂದ ನಾನು ತೆರೆಯುತ್ತಿದ್ದದ್ದು ಅವರ ಮಿಷಿನ್ನುಗಳನ್ನೇ.

ಮುಂದೂಡಲು ಒಂದು ಮಿತಿ ಇರುತ್ತದೆ. ಒಂದು ದಿನ ಆ ಗುಂಡಿ ಬೂದಿ ಬಣ್ಣಕ್ಕೆ ತಿರುಗಿತು, ಒತ್ತಿದರೆ ಒತ್ತಿಸಿಕೊಳ್ಳಲಿಲ್ಲ. ಇನ್ನು ಕೆಲವೇ ದಿನಗಳಲ್ಲಿ, ಅಂಗಡಿ ಮುಚ್ಚಿರುವ ಹೊತ್ತು ನೋಡಿ, ಮಿಷಿನ್ ತಾನಾಗಿಯೇ ಬಂದ್ ಆಗಿ ಏಳುತ್ತದೆ. ನಾನು ಇರುವುದಿಲ್ಲ. ಬೆಳಿಗ್ಗೆ ಬಂದು ನೋಡಿದರೆ ಹಸಿರು ಹಾಸು ಇರುವುದಿಲ್ಲ. ಇದನ್ನು ತಡೆಯುವ ಅಡ್ಡದಾರಿಗಳು ನನಗೆ ಗೊತ್ತು. ಒಂದೆರಡು ಸಲ ಸೆಟ್ಟಿಂಗಿನ ಆ ಪುಟದವರೆಗೆ ಹೋಗಿ ವಾಪಸು ಬಂದೆ.

ಅದಕ್ಕೂ ಮೊದಲೇ ಮಿಷಿನ್ ನಿಧಾನವಾಗಿ, ಎಳೆಯತೊಡಗಿತ್ತು. ಮೆಮೊರಿಯೆಲ್ಲ ತುಂಬಿ, ಗಿರಾಕಿಯ ಪರದೆ ತೆರೆದರೆ ಅರ್ಧ ಬಂದು ನಿಲ್ಲುತ್ತಿತ್ತು. ದೂರದಿಂದ ತೆರೆಯುವ ಸಾಫ್ಟ್‌ವೇರಿನ ಲೈಸೆನ್ಸು ಆ ಒಂದೇ ಮಿಷಿನ್ನಿಗೆ ಇದ್ದದ್ದು. ಬೇರೆಯದಕ್ಕೆ ಬದಲಿಸಬೇಕಾದರೂ ಮೊದಲು ಇದನ್ನು ಬಂದ್ ಮಾಡಿ ಎಬ್ಬಿಸಬೇಕು. ಹಾಗಾಗಿ ಇಲ್ಲಿಂದಲೇ ಆಗುವ ಕೆಲಸಕ್ಕೂ ನಾನು ಬೈಕ್ ಹತ್ತಿ ಹೋಗತೊಡಗಿದೆ. ಕೂಡ್ಲಿಗಿಗೆ ಹೋಗಿ ಒಂದು ಗುಂಡಿ ಒತ್ತಿ ಬಂದೆ. ಹಿರೇಹಡಗಲಿಗೆ ಹೋಗಿ ತಾರೀಖು ತಿದ್ದಿ ಬಂದೆ. ಹೋದಲ್ಲೆಲ್ಲ ಚಹಾ ಕೊಟ್ಟು, ‘ಅಕ್ಕಾರು ಇದ್ದಿದ್ರ ಫೋನಿನ್ಯಾಗ ಆಗ್ತಿತ್ತು’ ಎನ್ನುತ್ತಿದ್ದರು. ನಾನು ಹೌದು ಎನ್ನುತ್ತಿದ್ದೆ.

ಇಟ್ಟಿಗಿ ಕಡೆಯ ಒಂದು ಸಹಕಾರಿ ಸಂಘದಲ್ಲಿ ಕಂಪ್ಯೂಟರ್ ನೋಡಿಕೊಳ್ಳುವ ಹೆಣ್ಣುಮಗಳೊಬ್ಬಳಿದ್ದಾಳೆ. ಎರಡು ಮಕ್ಕಳ ತಾಯಿ, ಮಾತು ಜೋರು. ನನ್ನ ಹೆಂಡತಿಯ ಮುಖ ಅವಳು ಕಂಡದ್ದಕ್ಕಿಂತ ದನಿಯನ್ನು ಫೋನಿನಲ್ಲಿ ಕೇಳಿದ್ದೇ ಹೆಚ್ಚು. ಮುಂದೂಡುವ ಗುಂಡಿ ಬೂದಿ ಬಣ್ಣಕ್ಕೆ ತಿರುಗಿದ ಮರುದಿನ ಬೆಳಿಗ್ಗೆ ಅವಳ ಫೋನು ಬಂತು. ಮಿಷಿನ್ ಚಾಲೂ ಮಾಡಿದರೆ ಪರದೆಯ ಮೇಲಿದ್ದದ್ದೆಲ್ಲ ಮಾಯ, ಹೊಸ ಮಿಷಿನ್ನಿನ ಹಾಗೆ ಬೋಳಾಗಿದೆ, ಸದಸ್ಯರ ಸಾಲದ ಅರ್ಜಿಗಳೆಲ್ಲ ಅದರಲ್ಲೇ ಇದ್ದವು.

ಇದು ಆಗಾಗ ಆಗುವಂಥದ್ದೇ. ವಿಂಡೋಸಿಗೆ ಬಳಕೆದಾರನ ಸ್ವಂತ ಕೋಣೆಯ ಬಾಗಿಲು ತೆರೆಯದಿದ್ದರೆ ಒಂದು ಖಾಲಿ ಕೋಣೆಯಲ್ಲಿ ಕೂರಿಸುತ್ತದೆ. ಒಳಗಿನ ಸಾಮಾನು ಎಲ್ಲೂ ಹೋಗಿರುವುದಿಲ್ಲ.

‘ಏನೂ ಹೋಗಿಲ್ಲವಾ, ಎಲ್ಲಾ ಐತಿ. ಒಮ್ಮೆ ಬಂದ್ ಮಾಡಿ ಚಾಲೂ ಮಾಡು.’

‘ಮೂರು ಸಲ ಮಾಡೀನ್ರಿ ಅಣ್ಣಾರ. ನೀವು ಅಲ್ಲಿಂದ ನೋಡ್ರಿ.’

ಇಲ್ಲಿಂದಲೇ ಅವಳ ಪರದೆ ತೆರೆಯಲು ಹೋದೆ. ನನ್ನದು ಅರ್ಧ ಪರದೆ ತೋರಿಸಿ ನಿಂತಿತು. ಮತ್ತೆ ಮಾಡಿದೆ, ಮತ್ತೆ ನಿಂತಿತು.

‘ನಮ್ದು ಸ್ವಲ್ಪ ಎಳೀತೈತವಾ.’

‘ಹಂಗಾರ ನೀವು ಒಮ್ಮೆ ಬಂದ್ ಮಾಡಿ ಚಾಲೂ ಮಾಡ್ರಿ’ ಎಂದು ನಕ್ಕಳು.

ನಾನು ನಗಲಿಲ್ಲ. ಸಂಜೆ ಬರುತ್ತೇನೆ ಎಂದೆ. ಸಂಜೆಯವರೆಗೆ ಜನ ಬಿಡುವುದಿಲ್ಲ, ಬೆಳೆಸಾಲಕ್ಕೆ ಬಂದವರು ಬಾಗಿಲಲ್ಲೇ ಕೂತಿದ್ದಾರೆ ಎಂದು ಅವಳು ಫೋನಿಟ್ಟಳು. ಮಧ್ಯಾಹ್ನದ ಹೊತ್ತಿಗೆ ಬಸ್ಸಿಳಿದು ತಾನೇ ಬಂದಳು. ಕಂಪ್ಯೂಟರಿನ ಡಬ್ಬಿಯನ್ನು ಟವೆಲಿನಲ್ಲಿ ಸುತ್ತಿ ಕಂಕುಳಿಗೆ ಹಾಕಿಕೊಂಡಿದ್ದಳು, ಕೂಸನ್ನು ಎತ್ತಿಕೊಂಡ ಹಾಗೆ.

‘ಕಂಡಕ್ಟರ್ ಇದಕ್ಕೂ ಟಿಕೀಟ್ ತಗಿ ಅಂದ್ರಿ. ಇದು ಬ್ಯಾನಿಬಿದ್ದೈತೋ, ದವಾಖಾನಿಗೆ ಒಯ್ಯಾಕತ್ತೀನಿ ಅಂದೆ. ಸುಮ್ನಾದ.’

ಡಬ್ಬಿ ಇಸಿದುಕೊಂಡು ಬೆಂಚಿಗೆ ಹೋದೆ. ಅವಳು ಆಯಾಸವಾಗಿ ಕುರ್ಚಿ ಎಳೆದುಕೊಂಡು ಕೂತಳು. ಅದೇ ಕುರ್ಚಿ, ನನ್ನ ಹೆಂಡತಿಯದು. ಅಲ್ಲಿ ಯಾರೂ ಕೂರುತ್ತಿರಲಿಲ್ಲ, ಆದರೆ ಕೂರಬೇಡಿ ಎಂದು ನಾನು ಯಾರಿಗೂ ಹೇಳಿರಲಿಲ್ಲ. ನಾನು ಅವಳು ತಂದ ಡಬ್ಬಿಗೆ ವಯರು ಜೋಡಿಸಿ, ಖಾಲಿ ಕೋಣೆಯಿಂದ ಹೊರಬಂದು, ಕೆಟ್ಟ ಬಾಗಿಲಿನ ವಿಳಾಸ ತಿದ್ದುತ್ತಿದ್ದೆ. ಅಷ್ಟರಲ್ಲಿ ಪ್ಲೈವುಡ್ಡಿನ ಆ ಕಡೆಯಿಂದ ಕೇಳಿತು.

ಟಕ್.

ಎದ್ದು ಹೋದೆ. ಕಿಟಕಿಯನ್ನು ಅವಳು ಮೇಲೆ ತಂದಿದ್ದಳು. ಕಳಾವರ್ ಒಂಬತ್ತು ಆಟೀನಿನ ಹತ್ತರ ಮೇಲೆ ಕೂತಿತ್ತು.

‘ಇಲ್ಲಿ ಒಂಬತ್ತು ಹಂಗ ಬಿಟ್ಟಿದ್ರಲ್ರಿ ಅಣ್ಣಾರ. ಕಾಣಲಿಲ್ಲೇನು?’

ಅವಳು ನನ್ನ ಮುಖ ನೋಡಿದಳು, ಪರದೆ ನೋಡಿದಳು. ಮೌಸಿನಿಂದ ಕೈ ತೆಗೆದು ಸೆರಗಿಗೆ ಒರೆಸಿಕೊಂಡಳು.

‘ಇದು ಅಕ್ಕಾರದೇನ್ರಿ?’

‘ಹೂಂ.’

‘ಅವರು ಆಡಿದ್ದ?’

‘ಹೂಂ.’

ಆ ಆಟದಲ್ಲಿ ಒಂದು ಹೆಜ್ಜೆ ಹಿಂದೆ ಹೋಗಲು ದಾರಿ ಇದೆ. ಒಂದೇ ಹೆಜ್ಜೆ. ಅದು ನನಗೂ ಗೊತ್ತಿತ್ತು, ಅವಳಿಗೂ ಗೊತ್ತಿತ್ತು.

‘ವಾಪಸ್ ಇಡ್ಲೇನ್ರಿ?’ ಎಂದು ಕೇಳಿದಳು.

ಒಂಬತ್ತು ಎದ್ದುಹೋದ ಜಾಗದಲ್ಲಿ ಒಂದು ಎಲೆ ಬೆನ್ನು ತೋರಿಸಿ ಬಿದ್ದಿತ್ತು. ಅದನ್ನು ತಿರುವಿರಲಿಲ್ಲ. ಅದು ಏನೆಂದು ನನ್ನ ಹೆಂಡತಿಗೂ ಗೊತ್ತಿರಲಿಲ್ಲ. ಚಲೋ ಬಿದ್ದೈತಿ ಎಂದಿದ್ದಳಲ್ಲ, ನಿಜವೋ ಸುಳ್ಳೋ ನೋಡಿಬಿಡಬೇಕು ಎನಿಸಿತು.

‘ಬ್ಯಾಡ, ಇರ್ಲಿ. ತಿರುವು ಅದನ್ನ.’

‘ನೀವು ತಿರುವ್ರಿ.’

‘ನನಗ ಆಟ ಬರಂಗಿಲ್ಲವಾ.’

‘ಇಷ್ಟು ವರ್ಷ ಬಾಜೂಕ ಕುಂತು ಕಲಿಲಿಲ್ಲೇನ್ರಿ?’ ಎಂದಳು. ‘ಅಕ್ಕಾರು ಫೋನಿನ್ಯಾಗ ನಂಗ ಕಲಿಸ್ಯಾರ. ಸರ್ವರ್ ಡೌನ್ ಇದ್ದಾಗೆಲ್ಲ ಇದ ಆಟ. ಅವರು ಅಲ್ಲಿ, ನಾ ಇಲ್ಲಿ. ಮಾತಾಡ್ತಾನ ಟಕ್ ಟಕ್ ಅಂತ ಕೇಳ್ತಿತ್ತು. ಟಕ್ ಅನ್ನೋದು ಜೋರಾತು ಅಂದ್ರ ಆಟ ಸಿಕ್ಕೊಂಡೈತಿ ಅಂತ ತಿಳ್ಕೊತಿದ್ದೆ.’

ಇದು ನನಗೆ ಗೊತ್ತಿರಲಿಲ್ಲ. ಸ್ಟೂಲು ಎಳೆದುಕೊಂಡು ಪಕ್ಕದಲ್ಲಿ ಕೂತೆ. ಅವಳು ತಿರುವಿದಳು. ಡೈಮಂಡಿನ ಗುಲಾಮ ಬಂದ. ಅವನಿಗೆ ಒಂದು ಕಪ್ಪು ರಾಣಿ ಸಿಕ್ಕಳು. ಅವಳು ಹೇಳಿಕೊಡುತ್ತ ಹೋದಳು, ನಾನು ಮೌಸು ಹಿಡಿದೆ. ಕೆಲವು ಎಲೆಗಳು ಮೇಲಕ್ಕೆ ಹೋದವು. ನಡುವಿನ ಒಂದು ಸಾಲು ಖಾಲಿಯಾಯಿತು. ಅದರಲ್ಲಿ ರಾಜನನ್ನು ತಂದು ಕೂರಿಸಿದೆವು. ಬಾಗಿಲಲ್ಲಿ ಒಬ್ಬ ಗಿರಾಕಿ ಬಂದು ನಿಂತು, ನಾವಿಬ್ಬರೂ ಇಸ್ಪೀಟು ಆಡುವುದನ್ನು ನೋಡಿ, ಆಮೇಲೆ ಬರುತ್ತೇನೆ ಎಂದು ಹೋದ.

ಆಮೇಲೆ ಏನೂ ಹೊಂದಲಿಲ್ಲ. ಕೈಯಲ್ಲಿದ್ದ ಎಲೆಗಳನ್ನು ಮೂರ್ನಾಲ್ಕು ಸಲ ತಿರುವಿ ಹಾಕಿದೆವು. ಬೇಕಾಗಿದ್ದ ಇಸ್ಪೀಟ್ ಗುರುತಿನ ಮೂರು ಎಲ್ಲೋ ಕೆಳಗೆ ಹುಗಿದುಕೊಂಡಿತ್ತು, ಅದರ ಮೇಲಿನದನ್ನು ಎತ್ತಲು ಜಾಗವಿರಲಿಲ್ಲ.

‘ಸಿಕ್ಕೊಂತ್ರಿ’ ಎಂದಳು. ‘ಅಕ್ಕಾರು ಆಡಿದ್ರೂ ಸಿಕ್ಕೊಂತಿತ್ತು. ಅದು ಬಿದ್ದಿದ್ದ ಹಂಗ.’

‘ಚಲೋ ಬಿದ್ದೈತಿ ಅಂದಿದ್ಲು.’

‘ಪ್ರತಿ ಆಟಕ್ಕೂ ಹಂಗ ಅಂತಿದ್ರಿ ಅವರು.’

ಅದು ನಿಜ. ಅನ್ನುತ್ತಿದ್ದಳು.

ನಾನೇ ಇಸ್ಪೀಟಿನ ಕಿಟಕಿ ಮುಚ್ಚಿದೆ. ಆಮೇಲೆ ರೀಸ್ಟಾರ್ಟ್ ಒತ್ತಿದೆ. ಬಹಳ ದಿನದ ಅಪ್‌ಡೇಟ್ ಸೇರಿಕೊಂಡಿದ್ದರಿಂದ ಬೇಗ ಮುಗಿಯಲಿಲ್ಲ. ಬಂದ್ ಮಾಡಬೇಡಿ ಎಂದು ತೋರಿಸುತ್ತ ಪರದೆ ನೀಲಿಯಾಗಿ ನಿಂತಿತು, ಆಮೇಲೆ ಕಪ್ಪಾಯಿತು. ಫ್ಯಾನಿನ ಸದ್ದು ನಿಂತಿತು. ಹರಪನಹಳ್ಳಿಯ ಅಜ್ಜ ನೆನಪಾದರು. ನಾನು ಕಣ್ಣು ಮುಚ್ಚಿಕೊಳ್ಳಲಿಲ್ಲ. ಫ್ಯಾನು ಮತ್ತೆ ತಿರುಗಿತು.

ಅವಳ ಡಬ್ಬಿಯ ಕೆಲಸ ಬೆಂಚಿನಲ್ಲಿ ಮುಗಿಸಿದೆ. ಸಾಲದ ಅರ್ಜಿಗಳೆಲ್ಲ ಇದ್ದಲ್ಲೇ ಇದ್ದವು. ನಕಲು ಮಾಡಿ ಬೇರೆ ಕಡೆಯೂ ಇಟ್ಟುಕೊಟ್ಟೆ. ನಕಲು ಆಗುವ ತನಕ ಅವಳು ಮುಂದಿನ ಮೇಜಿನಲ್ಲೇ ಕಾಯುತ್ತಿದ್ದಳು.

‘ಹೊಸದು ಹಂಚ್ಲೇನ್ರಿ ಅಣ್ಣಾರ?’ ಎಂದು ಅಲ್ಲಿಂದಲೇ ಕೇಳಿದಳು.

‘ಹಂಚವಾ.’

ಟಕ್ ಟಕ್ ಕೇಳುತ್ತ ಉಳಿದ ಸ್ಕ್ರೂಗಳನ್ನು ಹಾಕಿದೆ. ಅವಳ ಕೈ ಬೇರೆ, ವೇಗ ಬೇರೆ. ಸದ್ದು ಅದೇ ಮೌಸಿನದು.

ಸಂಜೆ ಅಂಗಡಿಯ ಬಾಗಿಲು ಹಾಕುವಾಗ ಎಲ್ಲ ಮಿಷಿನ್ನುಗಳನ್ನೂ ಬಂದ್ ಮಾಡಿದೆ, ಅದನ್ನೂ. ಬೆಳಿಗ್ಗೆ ಬಂದು ಅದರ ಗುಂಡಿ ಒತ್ತಿದರೆ ಚಾಲೂ ಆಗಲಿಲ್ಲ. ಮತ್ತೆ ಒತ್ತಿದೆ, ಆಗಲಿಲ್ಲ. ಡಬ್ಬಿ ಬಿಚ್ಚಬೇಕೆಂದು ಸ್ಕ್ರೂಡ್ರೈವರ್ ತಂದೆ. ಬಗ್ಗಿ ನೋಡಿದರೆ ಗುಂಡಿ ಸವೆದು ಸಡಿಲವಾಗಿತ್ತು, ಒಂದು ಮಗ್ಗುಲಿಗೆ ವಾಲಿತ್ತು. ಹೆಬ್ಬೆರಳಿನಿಂದ ಅದನ್ನು ಬಲಕ್ಕೆ ಸರಿಸಿ, ಸ್ವಲ್ಪ ಹೊತ್ತು ಒತ್ತಿ ಹಿಡಿಯಬೇಕಿತ್ತು. ಅವಳು ದಿನವೂ ಹಾಗೇ ಒತ್ತುತ್ತಿದ್ದಿರಬೇಕು, ನನಗೆ ಹೇಳಿರಲಿಲ್ಲ. ಹಾಗೆ ಒತ್ತಿ ಹಿಡಿದೆ. ಚಾಲೂ ಆಯಿತು. ಗುಂಡಿಯನ್ನು ನಾನು ಇನ್ನೂ ಬದಲಿಸಿಲ್ಲ. ಈಗ ಒತ್ತುವುದು ನನಗೆ ಗೊತ್ತಾಗಿದೆ.